ಎಂಜಿನ್‌ನಿಂದ ತೆಗೆದದ್ದೆಲ್ಲ

ರಾಣೆಬೆನ್ನೂರಿನ ಲಾರಿ ಮಾಲೀಕ ಚನ್ನವೀರಪ್ಪನ ಕಣ್ಣಿಗೆ ಮೆಕ್ಯಾನಿಕ್‌ಗಳೆಲ್ಲ ಕಳ್ಳರೇ. ಹಳೇ ಲಾರಿಯ ಎಂಜಿನ್ ಬಿಚ್ಚುವ ಮೊದಲೇ ಗ್ಯಾರೇಜಿನ ಮೆಕ್ಯಾನಿಕ್ ದಸ್ತಗೀರನಿಗೆ ತಾಕೀತು ಮಾಡಿದ: "ಒಳಗಿಂದ ಏನೇ ತಗದ್ರೂ ನನಗ ಕೊಡಬೇಕು. ಒಂದು ಚೂರು ಕಡಿಮಿ ಆದ್ರೂ ಪೊಲೀಸರನ್ನ ಕರಸ್ತೀನಿ."

"ಆಗ್ಲಿ ಸಾವ್ಕಾರ್ರ," ಎಂದ ದಸ್ತಗೀರ.

ಚನ್ನವೀರಪ್ಪ ಎದುರಿಗೇ ಕುರ್ಚಿ ಹಾಕಿಕೊಂಡು ಕಾವಲು ಕೂತ. ದಸ್ತಗೀರ ಪಿಸ್ಟನ್ನಿಗೆ ಅಂಟಿದ್ದ ಕಾರ್ಬನ್ ಕೆರೆದ, ತಳದಲ್ಲಿ ಕೂತಿದ್ದ ಕರೀ ರಾಡಿ ಬಳಿದ, ಎಲ್ಲವನ್ನೂ ಬಕೆಟ್ಟಿಗೆ ತುಂಬಿ ಮಾಲೀಕನ ಬಿಳೀ ಧೋತರದ ಮುಂದಿಟ್ಟ.

"ತಗೋರಿ. ಒಂದು ಚೂರೂ ನಾ ಇಟ್ಕೊಂಡಿಲ್ಲ."

ಚನ್ನವೀರಪ್ಪ ಮೂಗು ಹಿಡಿದುಕೊಂಡು ಬಗ್ಗಿ ನೋಡಿದ. ಅನುಮಾನ ಮಾತ್ರ ಹೋಗಲಿಲ್ಲ. "ಹದಿನೈದು ವರ್ಷದ್ದು ಇಷ್ಟನಾ? ಉಳಿದದ್ದೆಲ್ಲಿ?"

"ಉಳಿದದ್ದು ಹೊಗಿಯಾಗಿ ಊರ ಮಂದಿ ಮೂಗಿನ್ಯಾಗ ಹೋಗೇತ್ರಿ. ಮನಿಮನಿಗೆ ಹೋಗಿ ವಸೂಲಿ ಮಾಡ್ಕೋರಿ."

ಗ್ಯಾರೇಜಿನವರೆಲ್ಲ ಗೊಳ್ಳೆಂದರು. ಎಂಜಿನ್ ಮತ್ತೆ ಜೋಡಿಸಿ ಮುಗಿದದ್ದೇ ಚನ್ನವೀರಪ್ಪ ಬಕೆಟ್ ಎತ್ತಿಕೊಂಡು ಲಾರಿ ಹತ್ತಿದ.