ಹೇಂಟೆಯ ಬೆನ್ನಿನ ಮದ್ದು

ಮುಂಗುಸಿ ಕಚ್ಚಿದ ಕರಿ ಹೇಂಟೆಯ ಬೆನ್ನಿಗೆ ಯಜಮಾನಿ ದ್ಯಾವೀರಮ್ಮ ಅರಿಶಿನಕ್ಕೆ ಸುಣ್ಣ ಕಲಸಿ ಹಚ್ಚಿದಳು. ಕಲಸುತ್ತಿದ್ದಂತೆಯೇ ಅದು ರಕ್ತದಷ್ಟು ಕೆಂಪಾಗಿತ್ತು. ಆಮೇಲೆ ಹೇಂಟೆಯನ್ನು ಹಿತ್ತಲಲ್ಲಿ ಬಿದಿರುಬುಟ್ಟಿಯಡಿ ಮುಚ್ಚಿ ಒಳಗೆ ಹೋದಳು.

ಹೇಂಟೆಗೆ ಇದು ಅವಮಾನವೆನಿಸಿತು. ಯಾರ ಹಂಗೂ ಇಲ್ಲದೆ ತಿಪ್ಪೆ ಕೆದಕಿ ಹನ್ನೊಂದು ಮರಿಗಳನ್ನು ಸಾಕಿ ದೊಡ್ಡದು ಮಾಡಿದವಳು ತಾನು. ಬುಟ್ಟಿಯ ಅಂಚಿಗೆ ಕೊರಳು ಕೊಟ್ಟು ಎತ್ತತೊಡಗಿದಳು.

"ಗಾಯ ಮಾಯುವ ತನಕ ಇರು ತಾಯಿ," ಎಂದಿತು ಬುಟ್ಟಿ. "ಕೆಂಪು ಕಂಡರೆ ಕೋಳಿಯ ಕೊಕ್ಕು ಸುಮ್ಮನಿರುವುದಿಲ್ಲ."

"ಹೊರಗಿರುವವರು ನನ್ನ ಮಕ್ಕಳು. ನೀನೂ ಕಾವಿಗೆ ಕೂತಿದ್ದರೆ ತಿಳಿಯುತ್ತಿತ್ತು," ಎಂದು ಹೇಂಟೆ ಬುಟ್ಟಿಯನ್ನು ಉರುಳಿಸಿ ಹೊರಬಂದಳು.

ಮಕ್ಕಳು ಅಕ್ಕರೆಯಿಂದಲೇ ಸುತ್ತುಗಟ್ಟಿದರು. ಹಿರಿಮಗಳು ಬೆನ್ನು ನೋಡಿದವಳೇ ಕುಕ್ಕಿದಳು.

"ಅದು ರಕ್ತವಲ್ಲ ಮಗಳೇ, ಮದ್ದು."

"ಗೊತ್ತವ್ವ," ಎಂದು ಮಗಳು ಮತ್ತೆ ಕುಕ್ಕಿದಳು. "ಕೆಂಪಗಿದೆ, ಏನು ಮಾಡಲಿ?"

ಉಳಿದವರೂ ಮುಗಿಬಿದ್ದರು. ತಿರುಗಿ ಕುಕ್ಕಲು ಹೇಂಟೆಗೆ ಮನಸ್ಸು ಬರಲಿಲ್ಲ. ತಲೆ ತಗ್ಗಿಸಿ ನಿಂತಳು.

ದ್ಯಾವೀರಮ್ಮ ಓಡಿಬಂದು ಎಲ್ಲರನ್ನೂ ಅಟ್ಟುವಷ್ಟರಲ್ಲಿ ಗಾಯ ಅಂಗೈಯಗಲವಾಗಿತ್ತು. "ಮದ್ದು ಸಾಲಲಿಲ್ಲವೇನೇ, ಹುಚ್ಚಿ?" ಎಂದು ಮರುಗುತ್ತ ಈ ಸಲ ಕತ್ತಿನವರೆಗೂ ದಪ್ಪಗೆ ಬಳಿದಳು.

ಉರುಳಿದ್ದ ಬುಟ್ಟಿಯನ್ನು ಅವಳು ಎತ್ತಿ ಹಿಡಿಯುತ್ತಲೇ ಹೇಂಟೆ ತಾನಾಗಿಯೇ ಅದರಡಿ ಹೋಗಿ ಕೂತಳು. ಬಿದಿರಿನ ಸಂದಿಗೆ ಕಣ್ಣಿಟ್ಟು ಹಿರಿಮಗಳು ಕೇಳಿದಳು: "ಮತ್ತೆ ಯಾವಾಗ ಹೊರಗೆ ಬರ್ತೀಯವ್ವ?"