ತವರಿನ ಹೆಪ್ಪು

ಫಕೀರವ್ವಜ್ಜಿಯ ಮೊಸರಿನ ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಕೆಳಗೆ ಬೀಳುತ್ತಿರಲಿಲ್ಲ. ಸುಳ್ಳು ಅನ್ನಬೇಡಿ, ಬೇಕಾದರೆ ಓಣಿಯವರನ್ನು ಕೇಳಿ. ಆ ಮೊಸರಿನ ಹೆಪ್ಪು ಅಜ್ಜಿಯ ತವರಿನದು. ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಅವಳ ಅವ್ವ ಸಣ್ಣ ಕುಡಿಕೆಯಲ್ಲಿ ಹೆಪ್ಪು ಹಾಕಿ, ಬಾಯಿಗೆ ಅರಿವೆ ಕಟ್ಟಿ, ಮಗಳ ಮಡಿಲಲ್ಲಿಟ್ಟು ಎರಡು ಮಾತು ಹೇಳಿದ್ದಳು: “ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡಬ್ಯಾಡ. ಹಗಲಿನಾಗ ಕೇಳಿದವರಿಗೆ ಇಲ್ಲ ಅನಬ್ಯಾಡ.”

ಅವ್ವ ಸತ್ತು ನಲವತ್ತು ವರ್ಷವಾಯಿತು. ತವರುಮನೆ ಬಿದ್ದುಹೋಗಿ ಅಲ್ಲೀಗ ಬಯಲು. ಉಳಿದದ್ದು ಈ ಹೆಪ್ಪು ಒಂದೇ. ದಿನಾ ಸಂಜೆ ಹಾಲಿಗೆ ಹೆಪ್ಪು ಹಾಕುವಾಗ ಅಜ್ಜಿಗೆ ಅವ್ವನ ಕೈ ಮುಟ್ಟಿದಂತಾಗುತ್ತಿತ್ತು.

ಓಣಿಯಲ್ಲಿ ಎಲ್ಲರೂ ಪಾಕೀಟಿನ ಮೊಸರಿಗೆ ಇಳಿದಿದ್ದರು. ಇನ್ನೂ ಎಮ್ಮೆ ಕಟ್ಟಿದವರು ಇಬ್ಬರೇ, ಅಜ್ಜಿ ಮತ್ತು ಪಕ್ಕದ ಮನೆಯ ದ್ಯಾಮವ್ವ. ದ್ಯಾಮವ್ವನ ಮನೆಯಲ್ಲಿದ್ದದ್ದೂ ಅಜ್ಜಿ ಕೊಟ್ಟ ಹೆಪ್ಪೇ. ಒಮ್ಮೆ ದ್ಯಾಮವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ, ಬಂದವರೆಲ್ಲ ಮೊಸರನ್ನ ಬಾಯಿ ಚಪ್ಪರಿಸಿ ಉಂಡರು.

“ಯಾರ ಕೈಯಾಗಿನ ಮೊಸರವ್ವಾ ಇದು?” ಎಂದು ಯಾರೋ ಕೇಳಿದರು.

“ಮತ್ಯಾರದು? ನನ್ನ ಕೈಗುಣ!” ಎಂದಳು ದ್ಯಾಮವ್ವ.

ಪಂಕ್ತಿಯಲ್ಲಿ ಕೂತಿದ್ದ ಅಜ್ಜಿ ಎತ್ತಿದ ತುತ್ತನ್ನು ಮತ್ತೆ ಎಲೆಗೇ ಹಾಕಿದಳು. ಹೆಪ್ಪು ನಮ್ಮದು, ಹೆಸರು ಇವಳದಾ! ಅಂದಿನಿಂದ ಮಾತು ಬಂದ್.

ಮುಂದೆ ಒಂದು ದಿನ ಬೆಕ್ಕು ದ್ಯಾಮವ್ವನ ಗಡಿಗೆ ಉರುಳಿಸಿ, ಇದ್ದ ಮೊಸರನ್ನೆಲ್ಲ ನೆಕ್ಕಿ ಹೋಯಿತು. ಪಾಪ, ಅವಳು ಮಟಮಟ ಮಧ್ಯಾಹ್ನ ಬಟ್ಟಲು ಹಿಡಿದು ಅಜ್ಜಿಯ ಬಾಗಿಲಿಗೆ ಬಂದಳು.

“ಕೈಗುಣ ಇದ್ದವರಿಗೆ ಹೆಪ್ಪು ಯಾಕ? ಇಲ್ಲ ಹೋಗು!” ಅಜ್ಜಿ ಕದ ಹಾಕಿಕೊಂಡಳು. “ಈ ಮನಿ ಹೆಪ್ಪು ಹೊಸ್ತಿಲ ದಾಟಬಾರದು, ನೋಡು!” ಎಂದು ಸೊಸೆ ಪುಷ್ಪಾಗೂ ತಾಕೀತು ಮಾಡಿದಳು.

ನೋಡ್ರಪ್ಪ, ಸಿಟ್ಟಿಗೆ ಕಣ್ಣಿರುವುದಿಲ್ಲ. ಅವ್ವನ ಮೊದಲ ಮಾತನ್ನು ಒಂದು ದಿನವೂ ತಪ್ಪಿಸದ ಅಜ್ಜಿ, ಎರಡನೆಯದನ್ನು ಹೀಗೆ ಹೊರಗೆ ತಳ್ಳಿ ಅಗಳಿ ಹಾಕಿದ್ದಳು.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಬುತ್ತಿ ಒಯ್ಯಬೇಕು, ಬೀಗರೂ ಬರುವವರು. ಹಿಂದಿನ ದಿನ ಅಜ್ಜಿ ದೊಡ್ಡ ಗಡಿಗೆ ತುಂಬ ಹಾಲು ಕಾಸಿ, ಎಂದಿನಂತೆ ಬೆರಳು ಅದ್ದಿ ಬಿಸಿ ನೋಡಿದಳು. ಆದರೆ ಐವತ್ತು ವರ್ಷ ಕಾದ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು ಅದು, ಮೇಲೆ ವಯಸ್ಸು ಬೇರೆ. ಸುಡುವ ಹಾಲೂ ಅದಕ್ಕೆ ಉಗುರುಬೆಚ್ಚಗೆ ಅನಿಸಿತು. ಮನೆಯಲ್ಲಿದ್ದ ಹೆಪ್ಪನ್ನೆಲ್ಲ ಅದಕ್ಕೇ ಸುರಿದಳು.

ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಒಡೆದು ನೀರು ಬೇರೆ, ಗಡ್ಡೆ ಬೇರೆ; ಹೆಪ್ಪೂ ಅದರಲ್ಲೇ ಬೆಂದುಹೋಗಿತ್ತು. ಅಜ್ಜಿ ಗಡಿಗೆಯನ್ನು ತಬ್ಬಿ ಕೂತಳು.

“ನನ್ನ ಕೈಯಾರೆ ನಾನ ಕೆಡಿಸಿದೆ. ನಮ್ಮವ್ವ ಇವತ್ತು ಎರಡನೇ ಸಲ ಸತ್ತಳಲ್ಲೇ ಪುಷ್ಪಾ!” ಎಂದು ಬಿಕ್ಕಿಬಿಕ್ಕಿ ಅತ್ತಳು.

ಪುಷ್ಪಾ ಸೆರಗಿನ ತುದಿ ಹಿಂಡುತ್ತ ನಿಂತಳು. “ಅತ್ತಿ, ಬೈಬ್ಯಾಡ್ರಿ. ಅವತ್ತು ನೀವು ಕದ ಹಾಕಿದ ಮ್ಯಾಲ, ನಾ ಹಿತ್ತಲದಾಗ ಹೋಗಿ ದ್ಯಾಮವ್ವಗ ಒಂದು ಚಮಚ ಹೆಪ್ಪು ಕೊಟ್ಟಿದ್ದೆ.”

“ಬ್ಯಾಡ ಅಂದಿದ್ನಲ್ಲ!”

“ಹೌದ್ರಿ. ಆದರ ನಾ ಈ ಮನಿಗೆ ಬಂದ ಹೊಸದಾಗ, ಕೇಳಿದವರಿಗೆ ಇಲ್ಲ ಅನಬಾರದು ಅಂತ ಕಲಿಸಿದವರೂ ನೀವ ಅಲ್ರಿ?”

ಅಜ್ಜಿ ಕಣ್ಣೊರೆಸಿಕೊಂಡು ಎದ್ದಳು. ಸೊಸೆಯ ಬಾಯಲ್ಲಿ ಅಜ್ಜಿಯ ಅವ್ವನೇ ಮಾತಾಡಿದ್ದಳು.

“ತಡೀರಿ, ನಾ ಹೋಗಿ ತರ್ತೀನಿ,” ಎಂದಳು ಪುಷ್ಪಾ.

“ಬ್ಯಾಡ. ಇಲ್ಲ ಅಂದ ಬಾಯಿ ನಂದು. ಕೇಳಬೇಕಾದದ್ದೂ ಅದ ಬಾಯಿ.”

ಪಕ್ಕದ ಮನೆಗೆ ಎಂಟೇ ಹೆಜ್ಜೆ. ಅಜ್ಜಿಗೆ ಅವು ಎಂಟು ಹರದಾರಿಯಾದವು. ಅಂಗಳ ಗುಡಿಸುತ್ತಿದ್ದ ದ್ಯಾಮವ್ವ ಅವಳನ್ನು ಕಂಡು ಕಸಬರಿಗೆ ಕೆಳಗೆ ಹಾಕಿದಳು.

“ದ್ಯಾಮವ್ವ, ಒಂದು ಚಮಚ ಹೆಪ್ಪು ಕೊಡ್ತೀಯೇನು?”

ದ್ಯಾಮವ್ವ ಅಜ್ಜಿಯ ಮುಖ ನೋಡಿದಳು, ಕೈಯಲ್ಲಿನ ಖಾಲಿ ಬಟ್ಟಲು ನೋಡಿದಳು. ಬೇಕಿದ್ದರೆ ಅವಳೂ ಒಂದು ಮಾತು ಚುಚ್ಚಬಹುದಿತ್ತು. ಚುಚ್ಚಲಿಲ್ಲ. ಒಳಗೆ ಹೋಗಿ ಬಟ್ಟಲು ತುಂಬ ಮೊಸರು ತಂದಳು.

“ಕೊಡಾಕ ನಂದೇನೈತಿ ಯಕ್ಕಾ? ನಿನ್ನ ತವರಿಂದು. ನನ್ನ ಮನ್ಯಾಗ ಇತ್ತು, ಅಷ್ಟ.”

ಅಜ್ಜಿ ನಾಲಿಗೆಗೆ ಒಂದಿಷ್ಟು ಹಚ್ಚಿಕೊಂಡಳು. ಅದೇ ರುಚಿ! ಕಣ್ಣು ತುಂಬಿ ಬಂದವು.

“ಹೆಪ್ಪು ನಂದು ಖರೆ. ಆದರ ಕೈಗುಣ ನಿಂದ ಬಿಡು, ದ್ಯಾಮಿ.”

“ಅವತ್ತ ನಾನೂ ನಿನ್ನ ಹೆಸರು ಹೇಳಬೇಕಿತ್ತು,” ಎಂದು ದ್ಯಾಮವ್ವ ಅವಳ ಕೈ ಹಿಡಿದಳು.

ಆ ಸಂಜೆ ಹಾಲಿಗೆ ಬೆರಳು ಅದ್ದಿದವಳು ಪುಷ್ಪಾ. ಅಜ್ಜಿ ಪಕ್ಕದಲ್ಲಿ ಕೂತು, ಅವ್ವನ ಎರಡು ಮಾತುಗಳನ್ನೂ ಸೊಸೆಗೆ ಇನ್ನೊಮ್ಮೆ ಹೇಳಿದಳು. ಈ ಸಲ ಎರಡನೆಯದನ್ನೇ ಮೊದಲು ಹೇಳಿದಳು.

ನೀತಿ: ನಮ್ಮದೆಂದು ಬಚ್ಚಿಟ್ಟದ್ದು ನಮ್ಮ ಒಂದೇ ತಪ್ಪಿಗೆ ಹಾಳಾಗಬಹುದು. ನಾಲ್ಕು ಜನರಿಗೆ ಹಂಚಿದ್ದು ಎಲ್ಲೋ ಒಂದು ಕಡೆ ನಮಗಾಗಿ ಉಳಿದಿರುತ್ತದೆ. ಅದು ಮರಳಿ ಬೇಕಾದಾಗ ಹಮ್ಮು ಬಿಟ್ಟು ಕೇಳುವುದನ್ನೂ ಕಲಿತಿರಬೇಕು.