ಹನ್ನೊಂದು ಕೊಡದ ದಂಡೆ

ಉತ್ತರ ಕನ್ನಡದ ಕರಾವಳಿಯಲ್ಲಿ, ರಾಷ್ಟ್ರೀಯ ಉದ್ಯಾನದ ಕಾಡು ಮುಗಿದು ಮರಳು ಶುರುವಾಗುವಲ್ಲಿ, ಹಳೆಯ ದೋಣಿಹಲಗೆಯ ಏಳು ಗುಡಿಸಲುಗಳಿವೆ. ಬಾಗಿಲಿಗೆ ಬೀಗವಿಲ್ಲ, ಒಳಗೆ ಕದಿಯುವಂಥದ್ದೂ ಏನಿಲ್ಲ. ರಜೆಗೆ ಬಂದವರು ಎರಡು ದಿನ ಬಂಗುಡೆ ಸುಟ್ಟು ತಿಂದು, ತಲೆಗೂದಲಲ್ಲೆಲ್ಲ ಮರಳು ತುಂಬಿಕೊಂಡು, ಧನ್ಯರಾಗಿ ಹೋಗುತ್ತಾರೆ. ಗುಡಿಸಲು ಏಳಾದರೂ ಜಾಗದ ಹೆಸರು ಮಾತ್ರ ಹನ್ನೊಂದು ಕೊಡದ ದಂಡೆ.

ಹಿಂದೆ ಒಮ್ಮೆ, ನಮ್ಮ ಅಜ್ಜಂದಿರ ಕಾಲದಲ್ಲಿ, ಇಲ್ಲಿ ಗುಡಿಸಲುಗಳೂ ಹನ್ನೊಂದಿದ್ದವಂತೆ. ಶಾಲೆಯ ಮಾಸ್ತರರು, ಅಂಚೆಯವರು, ದರ್ಜಿಗಳು ಬೇಸಗೆಯಲ್ಲಿ ಹದಿನೈದು ದಿನ ಕಡಲು ನೋಡುತ್ತ ಕೂರಲೆಂದು ತಾವೇ ಕಟ್ಟಿಕೊಂಡವು. ಅವರ ಪಾಲಿಗೆ ವರ್ಷದ ಸುಖವೆಲ್ಲ ಅಷ್ಟೇ. ನಿಯಮವೂ ಒಂದೇ: ಬಿಟ್ಟು ಹೊರಡುವವರು ಮುಂದೆ ಬರುವವರಿಗಾಗಿ ಒರತೆಯಿಂದ ಒಂದು ಕೊಡ ನೀರು ತುಂಬಿಟ್ಟು ಹೋಗಬೇಕು. ಕಾಡು ಉದ್ಯಾನವಾದಾಗ, ಅದರೊಳಗೆ ಜನವಸತಿ ಕಂಡರೆ ಕೆಡವಬೇಕೆಂದು ಆದೇಶ ಬಂತು. ತಪಾಸಣೆಯ ಹಿಂದಿನ ದಿನ, ಎಲ್ಲರಿಗೂ ಹಿರಿಯರಾದ ಗಾಂವ್ಕರ ಮಾಸ್ತರರು ಉಪಾಯ ಹೂಡಿದರು: ಒಲೆಯ ಬೂದಿ ಗುಡಿಸಿ ತೆಗೆದು, ಕೊಡ ಬೋರಲು ಹಾಕಿ, ಇಲ್ಲಿ ನರಪಿಳ್ಳೆಯೂ ಇಲ್ಲವೆನ್ನಿಸಿಬಿಡುವುದು.

ಮರುದಿನ ಬೆಳಿಗ್ಗೆ ಚಿಪ್ಪಿ ಆರಿಸಲು ಬಂದ, ಪಕ್ಕದ ಮೀನುಗಾರರ ಕೇರಿಯ ಬೀರಮ್ಮ ಹರಿಕಂತ್ರಳಿಗೆ ಈ ಉಪಾಯವನ್ನು ಯಾರೂ ಹೇಳಿರಲಿಲ್ಲ. ಬೋರಲು ಕೊಡಗಳನ್ನು ಕಂಡು, "ಓದಿದವರಿಗೆ ಇಷ್ಟೂ ನೆನಪಿಲ್ಲ" ಎಂದು ಬೈಯುತ್ತ ಹನ್ನೊಂದನ್ನೂ ತುಂಬಿಸಿಟ್ಟಳು. ತಪಾಸಣೆಗೆ ಅರಣ್ಯ ಇಲಾಖೆಯ ರೇಂಜರ್ ಬಂದರು. "ಇಲ್ಲಿ ಯಾರೂ ಇರೂದಿಲ್ಲ ಸ್ವಾಮಿ" ಎಂದು ಮಾಸ್ತರರು ಬಾಗಿಲು ತಳ್ಳಿದರೆ ಒಳಗೆ ತುಳುಕುವ ಕೊಡ!

"ಅಯ್ಯೋ ಬೀರಮ್ಮಾ, ಎಲ್ಲರನ್ನೂ ಮುಳುಗಿಸಿದೆಯಲ್ಲೇ!" ಎಂದರು ಮಾಸ್ತರರು, ಕೊಡದ ಪಕ್ಕವೇ ನಿಂತವಳನ್ನು ಕಂಡು.

"ಈ ನೀರು ಯಾರಿಗೆ?" ರೇಂಜರ್ ಅವಳನ್ನೇ ಕೇಳಿದರು.

"ಬರೋರಿಗೆ, ಒಡೆಯಾ."

"ಯಾರು ಬರ್ತಾರೆ?"

"ಅದು ಗೊತ್ತಿದ್ರೆ ಒಂದೇ ಕೊಡ ತುಂಬ್ತಿದ್ದೆ. ಇವತ್ತು ನೀವು ಬಂದ್ರಿ. ಕುಡೀರಿ, ಮುಖ ಒಣಮೀನಿನಂಗೆ ಆಗಿದೆ."

ಆರು ಮೈಲಿ ಬಿಸಿಲಲ್ಲಿ ನಡೆದು ಬಂದಿದ್ದ ರೇಂಜರ್ ಎರಡು ಚೆಂಬು ಕುಡಿದರು. ಸ್ವಲ್ಪ ಹೊತ್ತು ಕಡಲು ನೋಡುತ್ತ ಕೂತರು. ಹೊರಡುವಾಗ ಕೊಡವನ್ನು ಹೆಗಲಿಗೇರಿಸಿ, ಅರ್ಧ ನೀರು ಸಮವಸ್ತ್ರದ ಮೇಲೇ ಚೆಲ್ಲಿಕೊಂಡರೂ, ಒರತೆಗೆ ಎರಡು ಸಲ ಹೋಗಿ ತುಂಬಿಸಿಟ್ಟರು ಎನ್ನುತ್ತಾರೆ. ವರದಿಯಲ್ಲಿ ಬರೆದದ್ದಿಷ್ಟು: 'ಇದು ಯಾರ ವಸತಿಯೂ ಅಲ್ಲ, ಬಂದವರ ನೆರಳು. ಬೀಗ, ಸಿಮೆಂಟು ಬಾರದಿರುವ ತನಕ ಇರಲಿ.'

ಮುಂದೆ ನಾಲ್ಕು ಗುಡಿಸಲುಗಳನ್ನು ಕಡಲೇ ಒಯ್ದಿತು. ಇಂದು ಅಲ್ಲಿಗೆ ಹೋದವರು ಏಳನೆಯ ಗುಡಿಸಲಿನ ಆಚೆ, ಮುಂಡುಗದ ಪೊದೆಯಡಿ, ಬರೀ ಮರಳಿನ ಮೇಲೆ ಸಾಲಾಗಿ ಕೂತ ನಾಲ್ಕು ಕೊಡಗಳನ್ನು ನೋಡಬಹುದು. ಮುಚ್ಚಳ ತೆಗೆದರೆ ಅವೂ ತುಂಬಿರುತ್ತವೆ.